ಡಾಂಬರು ಹಚ್ಚಿದ ಪಾಲು

ಶ್ರೀರಂಗಯ್ಯನಿಗೆ ಕಾನೂನು ಗೊತ್ತು. ಹಾಗೆಂದು ಅವನೇ ಹೇಳಿದ್ದಾನೆ, ಆದ್ದರಿಂದ ಬೇರೆ ಸಾಕ್ಷಿ ಬೇಕಿಲ್ಲ. ತಿಪಟೂರಿನ ಒಂದು ಸಹಕಾರ ಸಂಘದಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿ, ಫೈಲುಗಳನ್ನು ಈ ಮೇಜಿನಿಂದ ಆ ಮೇಜಿಗೆ ಹೊತ್ತು ನಿವೃತ್ತನಾದವನು. ಫೈಲು ಹೊತ್ತವನಿಗೆ ಅದರೊಳಗಿನ ವಿಷಯವೂ ತಾನಾಗಿ ತಲೆಗೆ ಇಳಿಯುತ್ತದೆ ಎಂಬುದು ಅವನ ನಂಬಿಕೆ. ಸಾಲದ್ದಕ್ಕೆ ಯಾರದೋ ಬದುವಿನ ಜಗಳದಲ್ಲಿ ಸಾಕ್ಷಿ ಹೇಳಲು ಎರಡು ವರ್ಷ ಕೋರ್ಟಿಗೆ ಅಲೆದಿದ್ದ. ಇವನ ಸಾಕ್ಷಿಯಿಂದಲೇ ಆ ಕೇಸು ಸೋತಿತು ಎಂದು ಆ ಮನೆಯವರು ಇಂದಿಗೂ ಶಾಪ ಹಾಕುತ್ತಾರೆ. ಇವನಿಗೆ ಮಾತ್ರ ಅಂದಿನಿಂದ ಮಾತು ಮಾತಿಗೂ ‘ಲಾ ಪಾಯಿಂಟ್’. ಹೋಟೆಲಿನಲ್ಲಿ ಚಟ್ನಿ ಹುಳಿಯಾದರೂ ಅದರಲ್ಲೊಂದು ಲಾ ಪಾಯಿಂಟ್ ಹುಡುಕಿ ಮಾಣಿಯನ್ನು ನಿಲ್ಲಿಸಿಕೊಳ್ಳುತ್ತಿದ್ದ.

ನಾನು ಸದಾಶಿವಯ್ಯ. ತುರುವೇಕೆರೆಯಲ್ಲಿ ನೋಂದಣಿ ಕಚೇರಿಯ ಎದುರು ಒಂದು ಮೇಜು, ಎರಡು ಕುರ್ಚಿ, ಒಂದು ಕಂಪ್ಯೂಟರ್ ಇಟ್ಟುಕೊಂಡು ಪತ್ರ ಬರೆಯುವವನು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಏನು ಬೇಕಾದರೂ ಬರೆಯುತ್ತೇನೆ. ಇಪ್ಪತ್ತೆಂಟು ವರ್ಷದಲ್ಲಿ ಸತ್ತವರಿಗಾಗಿ ಅಳುವವರನ್ನು ನಾನು ಕಂಡದ್ದು ಬಹಳ ಕಡಿಮೆ. ನನ್ನ ಹತ್ತಿರ ಬರುವ ಹೊತ್ತಿಗೆ ಅಳು ಮುಗಿದು ಕೈಗೆ ಪಹಣಿ ಬಂದಿರುತ್ತದೆ.

ಶ್ರೀರಂಗಯ್ಯನ ತಂದೆ ಸಣ್ಣತಿಮ್ಮಯ್ಯನವರು ಎಂಬತ್ತಾರನೆಯ ವಯಸ್ಸಿನಲ್ಲಿ, ಬೆಳಿಗ್ಗೆ ಕಾಫಿ ಕುಡಿದು, ಲೋಟ ತೊಳೆದಿಟ್ಟು ತೀರಿಕೊಂಡರು. ಯಾರಿಗೂ ತೊಂದರೆ ಕೊಟ್ಟವರಲ್ಲ. ತುರುವೇಕೆರೆಯ ಪಕ್ಕದ ನಮ್ಮ ಹಳ್ಳಿಯ ಹೊರಗಿನ ಮೂರೂವರೆ ಎಕರೆ ತೆಂಗಿನ ತೋಟ, ಅದರಲ್ಲಿ ನೂರ ಅರವತ್ತು ಮರ, ಒಂದು ತೋಟದ ಮನೆ, ಇಬ್ಬರು ಮಕ್ಕಳು, ಇಷ್ಟು ಬಿಟ್ಟು ಹೋದರು. ಹೆಂಡತಿ ಹಿಂದೆಯೇ ಹೋಗಿದ್ದರು.

ಮಗನ ವಿಷಯ ಹೇಳಿದೆ. ಮಗಳು ಪುಟ್ಟಗಂಗಮ್ಮ. ಅರಳಗುಪ್ಪೆಗೆ ಕೊಟ್ಟಿದ್ದರು, ಗಂಡ ಹೋದ, ಮಕ್ಕಳಿರಲಿಲ್ಲ, ಹದಿನಾಲ್ಕು ವರ್ಷದ ಹಿಂದೆ ತವರಿಗೆ ಬಂದಳು. ಅಂದಿನಿಂದ ಅಪ್ಪ ಮಗಳಿಬ್ಬರೇ ತೋಟ ಮಾಡಿದ್ದು. ಗೊಬ್ಬರ ಹೊತ್ತವಳು ಅವಳು, ನೀರು ಕಟ್ಟಿದವಳು ಅವಳು, ಕಾಯಿಗಳನ್ನು ಅಟ್ಟಕ್ಕೇರಿಸಿ ವರ್ಷ ಕಾಯ್ದು ಕೊಬ್ಬರಿ ಮಾಡಿದವಳೂ ಅವಳೇ. ಶ್ರೀರಂಗಯ್ಯ ವರ್ಷಕ್ಕೆ ಎರಡು ಸಲ ಬರುತ್ತಿದ್ದ. ಒಂದು ಸಲ ಕಾಯಿ ಒಯ್ಯಲು, ಇನ್ನೊಂದು ಸಲ ಕೊಬ್ಬರಿ ಒಯ್ಯಲು. ತೋಟದ ಒಳಗೆ ಕಾಲಿಟ್ಟು ಎಂಟು ವರ್ಷವಾಗಿತ್ತು, ಯಾಕೆಂದರೆ ಚಪ್ಪಲಿಗೆ ಮಣ್ಣಾಗುತ್ತದೆ. ಈಗ ಆ ತೋಟ ಅಣ್ಣನ ಪಾಲಾದರೆ ಪುಟ್ಟಗಂಗಮ್ಮನಿಗೆ ಉಳಿಯುವುದು ತಿಪಟೂರಿನ ಅಣ್ಣನ ಮನೆಯ ಅಡಿಗೆಮನೆ ಮೂಲೆ ಮಾತ್ರ. ಐವತ್ತೆರಡನೆಯ ವಯಸ್ಸಿನಲ್ಲಿ ಇನ್ನೊಬ್ಬರ ಪಾತ್ರೆ ತೊಳೆಯುತ್ತ ಕೂರಬೇಕು.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮಾರನೆಯ ಬೆಳಿಗ್ಗೆಯೇ ಶ್ರೀರಂಗಯ್ಯ ನನ್ನ ಮೇಜಿಗೆ ಬಂದ. ಬೋಳಿಸಿದ ತಲೆ, ಕಂಕುಳಲ್ಲಿ ಹೊಸ ಪ್ಲಾಸ್ಟಿಕ್ ಫೈಲು, ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ.

“ಸದಾಶಿವಯ್ಯನೋರೆ, ಒಂದು ಹಕ್ಕು ಬಿಡುಗಡೆ ಪತ್ರ ಬರೀರಿ. ನಮ್ ತಂಗಿ ತೋಟದಾಗೆ ನಂಗೇನೂ ಬ್ಯಾಡ ಅಂತ ಬರ್ಕೊಡ್ತಾಳೆ.”

“ಅವಳು ಒಪ್ಪಿದ್ದಾಳಾ?”

“ಒಪ್ಪೋದೇನ್ ಬಂತು? ಸೀರೆ ತಂದೀನಲ್ಲ!” ಎಂದು ಚೀಲದಿಂದ ಸೀರೆ ತೆಗೆದು ನನ್ನ ಮೇಜಿನ ಮೇಲೆ ಹರವಿದ. ಆಷಾಢದ ರಿಯಾಯಿತಿಯ ಚೀಟಿಯನ್ನು ಕೀಳುವುದು ಮರೆತಿದ್ದ. ಆಷಾಢ ಕಳೆದು ಎಷ್ಟೋ ತಿಂಗಳಾಗಿತ್ತು, ಅಂದರೆ ಅಪ್ಪ ಇನ್ನೂ ಗಟ್ಟಿಯಾಗಿ ಓಡಾಡುತ್ತಿದ್ದಾಗಲೇ ತಂದಿಟ್ಟುಕೊಂಡಿದ್ದ ಸೀರೆ.

ನಮ್ಮ ಸೀಮೆಯಲ್ಲಿ ಇದು ಹಳೆಯ ಧಾರಣೆ. ಒಂದು ಸೀರೆ, ಒಂದು ಕುಪ್ಪಸದ ಕಣ, ಎರಡು ಬಾಳೆಹಣ್ಣು, ಅರಿಶಿನ ಕುಂಕುಮ ಕೊಟ್ಟರೆ ಅರ್ಧ ತೋಟ. ತಂಗಿ ಕಣ್ಣೊರೆಸಿಕೊಂಡು ಸೈನು ಹಾಕುತ್ತಾಳೆ, ಅಣ್ಣ “ನಮ್ಮವ್ವ ಬಂಗಾರ” ಎನ್ನುತ್ತಾನೆ, ನಾನು ಪತ್ರ ಮಡಿಸಿ ಕೊಡುತ್ತೇನೆ. ಎಷ್ಟು ಬರೆದಿದ್ದೇನೋ ಲೆಕ್ಕವಿಲ್ಲ, ಥೂ ನನ್ನ ಕಸುಬೇ!

“ನೋಡು ಶ್ರೀರಂಗಯ್ಯ, ನಿಮ್ಮಪ್ಪ ಏನೂ ಬರೆದಿಡದೆ ಹೋಗಿದ್ದಾರೆ. ಮಗನಿಗೆಷ್ಟೋ ಮಗಳಿಗೂ ಅಷ್ಟೇ. ಸಮ ಅರ್ಧ.”

“ಮದ್ವೆಯಾಗಿ ಹೋದೋಳ್ಗೆ?”

“ಮದುವೆಯಾಗಿ ಹೋದವಳಿಗೆ, ಹೋಗಿ ಬಂದವಳಿಗೆ, ಹೋಗದೇ ಇದ್ದವಳಿಗೆ, ಎಲ್ಲರಿಗೂ.”

“ಏನ್ ಮಾತಾಡ್ತೀರಿ? ನಾನು ನಾಮಿನಿ ಕಣ್ರೀ! ಅಪ್ಪಯ್ಯನ ಬ್ಯಾಂಕ್ ಪುಸ್ತಕದಾಗೆ ನನ್ ಹೆಸ್ರೈತೆ. ನಾಮಿನಿ ಅಂದ್ಮೇಲೆ ಮುಗೀತು.”

“ನಾಮಿನಿ ಅಂದರೆ ಬ್ಯಾಂಕಿನಿಂದ ಇಸಕೊಂಡು ಹಕ್ಕಿರೋರಿಗೆ ಹಂಚೋನು, ಅಷ್ಟೇ. ಅದೂ ಆ ಪುಸ್ತಕದಲ್ಲಿ ಇರೋದಕ್ಕೆ. ತೆಂಗಿನ ಮರಕ್ಕೆ ಯಾರಯ್ಯ ನಾಮಿನಿ ಮಾಡ್ತಾರೆ?”

ಅವನು ನನ್ನನ್ನು ಕನಿಕರದಿಂದ ನೋಡಿದ. “ನಿಮ್ಗೆ ಲಾ ಪಾಯಿಂಟ್ ಗೊತ್ತಿಲ್ಲ. ಆಯ್ತು ಬುಡಿ, ನಾನು ಪ್ರೊಬೇಟ್ ಮಾಡಿಸ್ತೀನಿ.”

“ಯಾವುದರ ಪ್ರೊಬೇಟು?”

“ವಿಲ್ಲಿಂದು. ಫೋನಾಗೆ ಒಬ್ಬ ಲಾಯರು ದಿನಾ ಹೇಳ್ತಾನೆ. ವಿಲ್ಲಿದ್ರೆ ಪ್ರೊಬೇಟ್ ಮಾಡಿಸ್ಬೇಕು, ಜಡ್ಜು ಸೀಲ್ ಹಾಕ್ತಾರೆ.”

“ನಮ್ಮ ಕಡೆ ಅದೇನೂ ಕಡ್ಡಾಯ ಇಲ್ಲ. ಇರಲಿ, ವಿಲ್ ಎಲ್ಲಿದೆ?”

“ಹುಡುಕ್ಬೇಕು,” ಎಂದ ಶ್ರೀರಂಗಯ್ಯ. ಹೆಣ್ಣು ನೋಡುವ ಮೊದಲೇ ನಾಮಕರಣದ ಕಾರ್ಡು ಅಚ್ಚು ಹಾಕಿಸುವ ಜಾತಿಯವನು.

ಎರಡು ದಿನ ಹುಡುಕಿದ. ತೋಟದ ಮನೆಯ ಟ್ರಂಕು, ರಾಗಿ ತುಂಬಿಡುವ ವಾಡೆ, ದೇವರ ಪಟಗಳ ಹಿಂಭಾಗ, ಅಪ್ಪನ ಹಳೆಯ ಕೋಟಿನ ಒಳಜೇಬು. ಅಟ್ಟ ಏರಿ, ಒಣಗುತ್ತಿದ್ದ ಕಾಯಿಗಳನ್ನು ಆಚೀಚೆ ಉರುಳಿಸುವಾಗ ರಾಶಿಯ ಮೇಲಿನದೊಂದು ತಲೆಯ ಮೇಲೆ ಬಿದ್ದು, ಬೋಳು ತಲೆಯಲ್ಲಿ ನಿಂಬೆಹಣ್ಣಿನ ಗಾತ್ರ ಊದಿಕೊಂಡಿತು. ಪುಟ್ಟಗಂಗಮ್ಮ ಅರಿಶಿನ ಅರೆದು ತಂದಳು.

“ಏನಣ್ಣ ಅಂಗ್ ಹುಡುಕ್ತೀಯ? ಹೇಳಿದ್ರೆ ನಾನೇ ತೆಗ್ದುಕೊಡಾಕಿಲ್ವಾ?”

“ವಿಲ್ಲು ಕಣೇ. ಅಪ್ಪಯ್ಯ ನನ್ ಹೆಸ್ರಿಗೆ ಬರ್ದಿರೋದು.”

“ಅಪ್ಪಯ್ಯ ರೇಷನ್ ಅಂಗ್ಡೀಲಿ ಹೆಬ್ಬೆಟ್ಟು ಒತ್ತಾಕೂ ನನ್ನ ಕರ್ಕೊಂಡೋಗ್ತಿತ್ತು. ನಂಗ್ ತಿಳೀದಂಗೆ ಎಲ್ಲಿ ಬರೀತದೆ?”

“ನೀನ್ ಸುಮ್ಕಿರು, ನಿಂಗ್ ತಿಳಿಯಾಕಿಲ್ಲ,” ಎಂದ ಶ್ರೀರಂಗಯ್ಯ. ಈ ಮಾತನ್ನು ಮುಂದೆ ಅವನು ತುಂಬ ಸಲ ಆಡಲಿದ್ದಾನೆ.

ವಿಲ್ ಸಿಗದಿದ್ದಾಗ ಅವನಿಗೆ ಇನ್ನೊಂದು ಲಾ ಪಾಯಿಂಟ್ ಹೊಳೆಯಿತು. ಖಾತೆ ಬದಲಾಗಬೇಕಾದರೆ ವಂಶವೃಕ್ಷದ ಪ್ರಮಾಣಪತ್ರ ಬೇಕು, ಸತ್ತವರಿಗೆ ಯಾರು ಯಾರು ಮಕ್ಕಳು ಎಂದು ಅದರಲ್ಲಿ ಬರೆಯುತ್ತಾರೆ. ವೃಕ್ಷದಲ್ಲಿ ಒಂದೇ ಕೊಂಬೆ ಇದ್ದರೆ ತೋಟವೂ ಒಬ್ಬನಿಗೇ ತಾನೆ? ಅಫಿಡವಿಟ್ ಸಮೇತ ಅರ್ಜಿ ಹಾಕಿಯೇ ಬಿಟ್ಟ. ವಿಚಾರಣೆಗೆ ಗ್ರಾಮ ಆಡಳಿತಾಧಿಕಾರಿ ಪವಿತ್ರ ತೋಟದ ಮನೆಗೇ ಬಂದಳು. ಇನ್ನೂ ಮೂವತ್ತು ದಾಟದ ಹೆಣ್ಣುಮಗಳು, ಸ್ಕೂಟರಿನಲ್ಲಿ ಬಂದು ಜಗಲಿಯ ಮೇಲೆ ಕೂತು ಕಾಗದ ಬಿಡಿಸಿದಳು. ನಾನು ಅಂದು ಪಕ್ಕದ ತೋಟದ ಗಂಗಣ್ಣನ ಪತ್ರ ಕೊಡಲು ಹೋಗಿದ್ದೆ. ಬದುವಿನ ಮೇಲೆ ನಿಂತು ನೋಡಿದೆವು.

“ಸಣ್ಣತಿಮ್ಮಯ್ಯನವರಿಗೆ ಮಕ್ಕಳು ಎಷ್ಟು ಜನ?”

“ಒಬ್ನೇ ಮಗ ಮೇಡಂ. ನಾನೇ.”

“ಹೆಣ್ಣುಮಕ್ಕಳು?”

“ಇಲ್ಲ ಮೇಡಂ.”

ಅದೇ ಗಳಿಗೆಗೆ ಪುಟ್ಟಗಂಗಮ್ಮ ಒಳಗಿಂದ ಎಳನೀರು ಕೆತ್ತಿ ತಂದು, “ಬಿಸ್ಲಲ್ಲಿ ಬಂದಿದೀಯ, ಕುಡಿಯವ್ವ,” ಎಂದು ಪವಿತ್ರಳ ಕೈಗೆ ಕೊಟ್ಟಳು.

ಪವಿತ್ರ ಎಳನೀರು ಹಿಡಿದುಕೊಂಡು ಕೇಳಿದಳು, “ಇವರು ಯಾರು?”

“ಇವ್ಳಾ? ಇವ್ಳು... ತೋಟ ನೋಡ್ಕೊಳ್ಳೋಳು.”

ನನ್ನ ಪಕ್ಕದಲ್ಲಿದ್ದ ಗಂಗಣ್ಣನಿಗೆ ತಡೆಯಲಾಗಲಿಲ್ಲ. ಬದುವಿನಿಂದಲೇ ಕೂಗಿದ. “ಅವ್ನ ಒಡಹುಟ್ಟಿದ ತಂಗಿ ಕಣವ್ವೋ! ಒಂದೇ ತೊಟ್ಲಾಗೆ ತೂಗಿರೋದು ಇಬ್ರುನೂ! ಬರ್ಕೋ, ನಾನೇ ಸಾಕ್ಷಿ!”

ಪವಿತ್ರಳ ಮುಖ ಕೆಂಪಾಯಿತು. “ಏನ್ರೀ, ಅಫಿಡವಿಟ್ಟಲ್ಲಿ ಸುಳ್ಳು ಬರೆದರೆ ಏನಾಗುತ್ತೆ ಗೊತ್ತಾ ನಿಮಗೆ?”

“ಮರ್ತೆ ಮೇಡಂ.”

“ತಂಗೀನಾ?”

“ಮರೀತಾನೆ ಕಣವ್ವ, ಪಾಪ,” ಎಂದಳು ಪುಟ್ಟಗಂಗಮ್ಮ ತಣ್ಣಗೆ. “ಗೌರಿ ಹಬ್ಬದಾಗೂ ಮರೀತಾನೆ.”

ವಂಶವೃಕ್ಷದಲ್ಲಿ ಎರಡು ಕೊಂಬೆ ಮೂಡಿದವು. ಅರ್ಧ ತೋಟ ಕೈ ಬಿಟ್ಟಿತು ಎಂದು ಶ್ರೀರಂಗಯ್ಯ ಎರಡು ದಿನ ಊಟ ಬಿಟ್ಟ. ಮೂರನೆಯ ದಿನ, ಇರುವುದರಲ್ಲಿ ಒಳ್ಳೆಯ ಅರ್ಧ ಯಾವುದು ಎಂದು ನೋಡಲು, ಪ್ಯಾಂಟು ಮಡಿಸಿ ತೋಟದೊಳಕ್ಕೆ ಇಳಿದ. ಎಂಟು ವರ್ಷದ ಮೇಲೆ ಇಳಿದದ್ದು. ಅಲ್ಲಿ ಕಂಡ ನೋಟದಿಂದ ಅವನ ಬುದ್ಧಿಗೆ ಗ್ರಹಣ ಹಿಡಿಯಿತು.

ತೋಟದ ನಡುವೆ ಒಂದು ನೀರಿನ ಕಾಲುವೆ ಇದೆ. ಕಾಲುವೆಯ ಆಚೆ, ಬಡಗಣ ಭಾಗದಲ್ಲಿ, ಒಂದೊಂದು ಮರದ ಕಾಂಡದ ಮೇಲೂ ಕಪ್ಪು ಗುರುತು. ಆಳೆತ್ತರದಲ್ಲಿ, ಅಂಗೈ ಅಗಲದಿಂದ ಮೊರದ ಅಗಲದವರೆಗೆ, ಗಟ್ಟಿಯಾಗಿ ಬಳಿದ ಡಾಂಬರು. ಎಂಬತ್ತು ಮರದಲ್ಲಿ ಎಪ್ಪತ್ತಕ್ಕೂ ಹೆಚ್ಚು ಮರಕ್ಕೆ ಹಾಗೆ. ಈಚೆ ತೆಂಕಣ ಭಾಗದಲ್ಲಿ, ತೋಟದ ಮನೆ ಇರುವ ಕಡೆ, ಒಂದು ಮರಕ್ಕೂ ಇಲ್ಲ.

ಇದು ಏನೆಂದು ಓದುವವರಿಗೆ ನಾನು ಈಗಲೇ ಹೇಳಿಬಿಡುತ್ತೇನೆ, ನಮ್ಮ ಸೀಮೆಯ ಎಳೆ ಮಕ್ಕಳಿಗೂ ಗೊತ್ತು. ತೆಂಗಿಗೆ ರಸ ಸೋರುವ ರೋಗ ಬರುತ್ತದೆ. ಕಾಂಡ ಬಿರಿದು ಕೆಂಪಗೆ ರಸ ಇಳಿಯುತ್ತದೆ, ಒಳಗೆ ಕೊಳೆಯುತ್ತದೆ, ಕಾಯಿ ಕಡಿಮೆಯಾಗುತ್ತದೆ, ಬಿಟ್ಟರೆ ಮರವೇ ಹೋಗುತ್ತದೆ. ಆಗ ಉಳಿಯಿಂದ ಕೊಳೆತ ತೊಗಟೆ ಕೆತ್ತಿ ತೆಗೆದು, ಬಿಸಿ ಡಾಂಬರು ಬಳಿಯುತ್ತಾರೆ. ಬಡಗಣ ಭಾಗ ಗರಸು ನೆಲ, ರೋಗ ಅಲ್ಲಿಗೆ ಹತ್ತಿಕೊಂಡಿತ್ತು. ಅಪ್ಪ ಮಗಳು ಎರಡು ವರ್ಷ ಒಂದೊಂದೇ ಮರ ಕೆತ್ತಿ ಬಳಿದಿದ್ದರು.

ಶ್ರೀರಂಗಯ್ಯನಿಗೆ ಕಂಡದ್ದು ಬೇರೆ. ಹಿಂದೆ ಅವನ ತಾತ ಮಕ್ಕಳಿಗೆ ಪಾಲು ಮಾಡಿದಾಗ ಕಾಗದ ಪತ್ರ ಏನೂ ಇರಲಿಲ್ಲ. ಹಿರಿಯರು ಹಾಗೇ ಮಾಡುತ್ತಿದ್ದರು: ಇದು ಹಿರಿಯವನದು, ಇದು ಕಿರಿಯವನದು ಎಂದು ಮರಕ್ಕೆ ಸುಣ್ಣದ ಗುರುತು ಹಾಕಿಬಿಟ್ಟರೆ ಪಂಚಾಯಿತಿಯೂ ಅದನ್ನೇ ಒಪ್ಪುತ್ತಿತ್ತು. ಚಿಕ್ಕಂದಿನಲ್ಲಿ ಅದನ್ನು ನೋಡಿದ್ದ. ಸೀದಾ ಬಸ್ಸು ಹತ್ತಿ ಏದುಸಿರು ಬಿಡುತ್ತ ನನ್ನ ಮೇಜಿಗೆ ಬಂದ.

“ಸಿಕ್ತು ಸದಾಶಿವಯ್ಯನೋರೆ! ವಿಲ್ಲು ಸಿಕ್ತು! ಅಪ್ಪಯ್ಯ ಕಾಗದದ ಮೇಲೆ ಬರ್ದಿಲ್ಲ, ಮರದ ಮೇಲೆ ಬರ್ದವ್ರೆ! ಮುದ್ದಿನ ಮಗನಿಗೆ ಅಂತ ಒಳ್ಳೊಳ್ಳೆ ಮರಕ್ಕೆಲ್ಲ ಗುರ್ತು ಹಾಕವ್ರೆ!”

ನಾನು ಪೆನ್ನು ಕೆಳಗಿಟ್ಟೆ. “ಡಾಂಬರು ತಾನೆ?”

“ನಿಮ್ಗೆಂಗೆ ಗೊತ್ತು?” ಎಂದು ಕಣ್ಣು ಕಿರಿದು ಮಾಡಿದ.

“ಅಯ್ಯಾ ಮಾರಾಯ, ಅದು ರಸ ಸೋರೋ ರೋಗಕ್ಕೆ ಹಚ್ಚೋದು. ನಿನಗೆ ಅಷ್ಟೂ ಗೊತ್ತಿಲ್ಲವಾ? ತೆಂಗಿನ ಸೀಮೆಯಲ್ಲಿ ಹುಟ್ಟಿದವನು ನೀನು!”

ಅವನು ನಿಧಾನವಾಗಿ ನಕ್ಕ. “ನಿಮ್ಗೂ ಹೇಳ್ಕೊಟ್ಟವ್ಳೆ ಅನ್ನಿ.”

ಅಲ್ಲಿಗೆ ಮುಗಿಯಿತು. ಇನ್ನು ಆ ದೇವರೇ ಇಳಿದು ಬಂದು ಇದು ರೋಗ ಎಂದಿದ್ದರೂ, ದೇವರಿಗೆ ಪುಟ್ಟಗಂಗಮ್ಮ ಎಷ್ಟು ಕಾಯಿ ಒಡೆಸಿದ್ದಾಳೆ ಎಂದು ವಿಚಾರಿಸುತ್ತಿದ್ದ.

ಗಂಗಣ್ಣ ತಾನಾಗಿ ಅವನ ಹತ್ತಿರ ಹೋದ. “ಲೇ ಶ್ರೀರಂಗ, ಕೇಳ್ಲಾ ಇಲ್ಲಿ. ಬಡಗಣ ಪಾಲು ತಗೋಬ್ಯಾಡ ಕಣ್ಲಾ, ಅವೆಲ್ಲ ಕಾಯಿಲೆ ಮರ. ಕೈಯಾಗೆ ಮುಟ್ಟಿ ನೋಡು, ರಸ ಅಂಟ್ಕೊಳ್ತೈತೆ.”

“ಹೌದಾ? ಯಾಕಪ್ಪ ನನ್ ಮ್ಯಾಲೆ ಇಷ್ಟು ಪ್ರೀತಿ ನಿಂಗೆ? ಮೊನ್ನೆ ಮೇಡಂ ಮುಂದೆ ಕಾಣ್ಲಿಲ್ಲವಲ್ಲ?” ಎಂದ ಶ್ರೀರಂಗಯ್ಯ.

ಗಂಗಣ್ಣ ಉಗಿದು ಬಂದ. ನೆಲಕ್ಕೇ ಉಗಿದದ್ದು, ಆದರೂ ಗುರಿ ಸ್ಪಷ್ಟವಿತ್ತು.

ಮುಂದಿನ ಸರದಿ ಅವನ ಹೆಂಡತಿ ಹೊಂಬಾಳಮ್ಮನದು. ಚಿಕ್ಕನಾಯಕನಹಳ್ಳಿ ಕಡೆಯ ಹೆಣ್ಣು, ತೆಂಗಿನ ತೋಟದಲ್ಲೇ ಬೆಳೆದವಳು. ಗಂಡನನ್ನು ಮೂವತ್ತು ವರ್ಷ ಸಹಿಸಿದ ಮೇಲೆ ಅವಳ ಮಾತಿನಲ್ಲಿ ಸಕ್ಕರೆ ಉಳಿದಿರಲಿಲ್ಲ. ಗಂಡನ ಜೊತೆ ನನ್ನ ಮೇಜಿಗೆ ಬಂದು ನನ್ನೆದುರಿಗೇ ಅಂದಳು:

“ನೋಡಿ ಸದಾಶಿವಯ್ನೋರೆ, ನಮ್ಮಪ್ಪನ ತೋಟದಾಗೂ ಡಾಂಬ್ರು ಬಳೀತಾರೆ. ಅಂಗಂತ ಅಲ್ಲಿ ದಿನಾ ಪಾಲಾಯ್ತೈತಾ? ಈ ಮನುಷ್ಯನ ತಲೆಗೂ ಒಂದ್ ಕೈ ಡಾಂಬ್ರು ಬಳೀಬೇಕು, ಅಲ್ಲೇ ಸೋರ್ತಿರೋದು.”

“ನೋಡಿದ್ರಾ?” ಎಂದು ಶ್ರೀರಂಗಯ್ಯ ನನ್ನ ಕಡೆ ತಿರುಗಿದ. “ಇವ್ಳಿಗೆ ನಾದಿನಿ ಒಂದು ಮೂಟೆ ರಾಗಿ ಕಳಿಸಿದ್ಲು, ಇವ್ಳ ಬಾಯಾಗೆ ಅವ್ಳ ಮಾತು ಬತ್ತೈತೆ. ಲಾ ಪಾಯಿಂಟ್ ಏನು ಅಂದ್ರೆ, ಎಷ್ಟು ಜನ ಬ್ಯಾಡ ಬ್ಯಾಡ ಅಂತಾರೋ ಆ ಪಾಲು ಅಷ್ಟು ಒಳ್ಳೇದು.”

ಹೊಂಬಾಳಮ್ಮ ಎದ್ದು ಹೋಗಿ ಎದುರಿನ ಹೋಟೆಲಿನಲ್ಲಿ ಒಬ್ಬಳೇ ಕಾಫಿ ಕುಡಿದಳು.

ಇನ್ನು ಪುಟ್ಟಗಂಗಮ್ಮ. ಅವಳು ಮೂರು ಸಲ ಹೇಳಿದಳು, ಊರೇ ಕೇಳಿದೆ. ಒಂದು ಸಲ ಊಟಕ್ಕೆ ಬಡಿಸುವಾಗ, “ಅಣ್ಣ, ಆ ಮರ...” ಎಂದಳು. “ಸುಮ್ಕಿರು,” ಎಂದ. ಇನ್ನೊಂದು ಸಲ ಭೂಮಾಪಕ ಬಂದು ಕಾಲುವೆಯ ಉದ್ದಕ್ಕೂ ಅಳತೆ ಹಿಡಿದಾಗ, “ಅಣ್ಣ, ಒಂದ್ ಮಾತು...” ಎಂದಳು. “ನಿಂಗ್ ತಿಳಿಯಾಕಿಲ್ಲ,” ಎಂದ. ಮೂರನೆಯ ಸಲ ಮಾತಿಗೆ ಮೊದಲು ಕೆಲಸಕ್ಕೇ ಇಳಿದಳು. ಡಾಂಬರಿನ ಡಬ್ಬವನ್ನು ಬಿಸಿ ಮಾಡಿ, ಹೊಸದಾಗಿ ಸೋರುತ್ತಿದ್ದ ಬಡಗಣ ಮರಕ್ಕೆ ಹಚ್ಚಲು ಹೊರಟಳು. ಶ್ರೀರಂಗಯ್ಯ ಓಡಿ ಬಂದು ಡಬ್ಬಕ್ಕೆ ಕೈ ಹಾಕಿದ.

“ಇಕ್ಕೇ! ಇನ್ಮ್ಯಾಕೆ ಒಂದು ಮರನೂ ಮುಟ್ಟಂಗಿಲ್ಲ! ಇವತ್ತು ಇದ್ಕೆ ಹಚ್ತೀಯ, ನಾಳೆ ನಿನ್ ಕಡೆ ಮರಕ್ಕೂ ಹಚ್ಚಿ, ಅಪ್ಪಯ್ಯ ನಂಗೂ ಗುರ್ತು ಹಾಕವ್ನೆ ಅಂತೀಯ!”

“ರಸ ಸೋರ್ತೈತೆ ಕಣಣ್ಣ. ಇಂಗೇ ಬುಟ್ರೆ ಮರ ಹೋಯ್ತೈತೆ. ಕಣ್ಣಾರೆ ನೋಡು.”

“ನೋಡಿದೀನಿ! ಮರಕ್ಕೂ ಅಪ್ಪಯ್ಯ ಹೋದ ದುಃಖ ಐತೆ, ಅದ್ಕೇ ಅಳ್ತೈತೆ!”

ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಗಂಗಣ್ಣ ಬದುವಿನ ಮೇಲೆ ನಿಂತು ಕೇಳಿ, ನಕ್ಕು ನಕ್ಕು ಆ ದಿನವಿಡೀ ಕೆಲಸ ಮಾಡಲಾಗದೆ ಮನೆಗೆ ಹೋದ.

ಮಾರನೆಯ ದಿನ ವಿಭಾಗಪತ್ರ ಬರೆಸಲು ಅಣ್ಣ ತಂಗಿ ಬಂದರು. ಬಡಗಣ ಅರ್ಧ ಅಣ್ಣನಿಗೆ, ಮನೆ ಸಮೇತ ತೆಂಕಣ ಅರ್ಧ ತಂಗಿಗೆ. ಮನೆ ಬೇಡವಾ ಎಂದು ಕೇಳಿದೆ. “ಹೆಂಚಿನ ಮನೆ ಯಾವನಿಗೆ ಬೇಕು? ಪಾಪ, ಅವ್ಳೇ ಬಿದ್ದಿರ್ಲಿ,” ಎಂದು ದೊಡ್ಡ ಮನಸ್ಸು ಮಾಡಿದ. ಆಮೇಲೆ ಬಾಗಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದ. “ನನ್ ಶೆಡ್ಯೂಲಿಗೆ ಆ ಡಬ್ಬನೂ ಸೇರ್ಸಿ.”

“ಯಾವ ಡಬ್ಬ?”

“ಡಾಂಬ್ರಿಂದು. ಅದು ಅವ್ಳ ಹತ್ರ ಇದ್ರೆ ಡೇಂಜರು.”

ಇಪ್ಪತ್ತೆಂಟು ವರ್ಷದಲ್ಲಿ ಬಾವಿ ಬರೆದಿದ್ದೇನೆ, ಎತ್ತಿನ ಗಾಡಿ ಬರೆದಿದ್ದೇನೆ, ಅರ್ಧ ಹುಣಿಸೆ ಮರ ಬರೆದಿದ್ದೇನೆ. “ಅರ್ಧ ಡಬ್ಬ ಡಾಂಬರು, ಅದನ್ನು ಬಳಿಯುವ ಕುಂಚ ಸಹಿತ” ಎಂದು ಬರೆದದ್ದು ಅದೇ ಮೊದಲು. ಕಾಗುಣಿತ ಎರಡು ಸಲ ನೋಡಿದೆ.

ಅವನು ಜೆರಾಕ್ಸಿಗೆ ಹೋದಾಗ ನಾನು ಪುಟ್ಟಗಂಗಮ್ಮನನ್ನು ಕೇಳಿದೆ. ಪತ್ರ ಬರೆಯುವವನಿಗೂ ಒಂದು ಹೊಟ್ಟೆ, ಒಂದು ಮನಸ್ಸು ಇರುತ್ತದಲ್ಲ. “ಏನವ್ವ, ಇದು ನಿನಗೆ ಸಮಾಧಾನವಾ?”

ಅವಳು ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡಳು. ಡಾಂಬರಿನ ಕಲೆ ಇನ್ನೂ ಉಗುರಲ್ಲಿತ್ತು. “ಮೂರ್ ಸಲ ಹೇಳಿದೀನಿ ಸದಾಶಿವಣ್ಣ. ನಾಕ್ನೇ ಸಲ ಆಫೀಸರ್ ಮುಂದೆ ಹೇಳ್ತೀನಿ. ಆಮ್ಯಾಕೂ ಅದೇ ಬೇಕು ಅಂದ್ರೆ ತಗೊಳ್ಲಿ. ಹದ್ನಾಕು ವರ್ಷ ಆ ಮನೇಲಿ ಬಾಗ್ಲು ತೆಗ್ದಿದೀನಿ. ನಂಗೆ ಆ ಬಾಗ್ಲು ಉಳುದ್ರೆ ಸಾಕು.”

ನೋಂದಣಿ ಕಚೇರಿಯ ಒಳಗೆ ಸಬ್ ರಿಜಿಸ್ಟ್ರಾರ್ ಮೇಡಂ ಪತ್ರ ಓದುತ್ತ ಓದುತ್ತ ಒಂದು ಕಡೆ ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಇದೇನ್ರೀ, ಅರ್ಧ ಡಬ್ಬ ಡಾಂಬರು?”

“ಪಿತ್ರಾರ್ಜಿತ ಚರಾಸ್ತಿ ಮೇಡಂ,” ಎಂದ ಶ್ರೀರಂಗಯ್ಯ ಎದೆ ಸೆಟೆಸಿ.

ಮೇಡಂ ನನ್ನ ಕಡೆ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಕಚೇರಿಯ ಗುಮಾಸ್ತರೊಬ್ಬರು ಕೆಮ್ಮು ಬಂದವರ ಹಾಗೆ ಹೊರಗೆ ಹೋದರು.

“ಇಬ್ಬರಿಗೂ ಒಪ್ಪಿಗೆ ಇದೆಯಾ? ಏನಮ್ಮ, ನಿಮ್ಮ ಮೇಲೆ ಯಾರ ಬಲವಂತವೂ ಇಲ್ಲ ತಾನೆ?”

“ನನ್ ಮ್ಯಾಲೆ ಇಲ್ಲ ತಾಯಿ. ಆದ್ರೆ ಒಂದ್ ಮಾತು ಹೇಳ್ಬೇಕು,” ಎಂದಳು ಪುಟ್ಟಗಂಗಮ್ಮ. ಸರಿಯಾಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು. “ನಮ್ಮಣ್ಣ ತಗೊಳ್ತಿರೋದು ರೋಗ ಬಂದಿರೋ ಮರ. ಆ ಡಾಂಬ್ರು ಅಪ್ಪಯ್ಯ ಗುರ್ತಿಗೆ ಹಾಕಿದ್ದಲ್ಲ. ಉಳೀಲಿ ಕೆತ್ತಿ ನಾನೇ ನನ್ ಕೈಯಾರೆ ಬಳ್ದಿರೋದು. ಅವನಿಗೆ ಬ್ಯಾಡ ಅಂದ್ರೆ ಈಗ್ಲೂ ಬ್ಯಾಡ, ಎರಡೂ ಕಡೆ ಅರ್ಧ ಅರ್ಧ ಹಂಚ್ಕೊಳಾಣ.”

ಮುಂದೆ ಸಾಲಿನಲ್ಲಿದ್ದವರು, ಸಾಕ್ಷಿಗೆ ಬಂದವರು, ಎಲ್ಲರೂ ಶ್ರೀರಂಗಯ್ಯನನ್ನೇ ನೋಡಿದರು. ಒಬ್ಬ ಮುದುಕ, “ಒಪ್ಕೊಳ್ಳಪ್ಪ, ಚಿನ್ನದಂಥ ಮಾತು,” ಎಂದ.

ಶ್ರೀರಂಗಯ್ಯ ಗಹಗಹಿಸಿ ನಕ್ಕ. “ನೋಡಿದ್ರಾ ಮೇಡಂ? ನೋಡಿದ್ರಾ ಬುದ್ಧಿವಂತಿಕೆ! ಕೊನೇ ಗಳಿಗೇಲಿ ಹೆಂಗೆ ತಿರುಗಿಸ್ತಾವ್ಳೆ! ಬೇಗ ಫೋಟೋ ತೆಗೀರಿ, ಎಲ್ಲಿ ಕೊಡ್ಲಿ ಹೆಬ್ಬೆಟ್ಟು?” ಎಂದು ಕರೆಯುವ ಮೊದಲೇ ಯಂತ್ರದ ಮೇಲೆ ಬೆರಳಿಟ್ಟ.

ಭಾನುವಾರ ಅವನು ತೋಟದ ಬಡಗಣ ಬದಿಗೆ ಬೇರೆ ಗೇಟು ಇಡಿಸಿ, ಮಾವಿನ ತೋರಣ ಕಟ್ಟಿ, ಊರವರಿಗೆ ಲಾಡು ಹಂಚಿದ. ಊರವರು ತಿಂದರು. ತಿನ್ನುತ್ತ ಅವನ ಮುಖ ನೋಡಿ ಇನ್ನೊಂದು ತೆಗೆದುಕೊಂಡರು. ಕೊಯ್ಲು ಕೊಡಲೆಂದು ಒಬ್ಬ ಕಾಯಿ ವ್ಯಾಪಾರಿಯನ್ನೂ ಅಂದೇ ಕರೆಸಿದ್ದ. ವ್ಯಾಪಾರಿ ಮೊದಲು ಮೇಲೆ ಗೊನೆ ನೋಡಿದ, ಆಮೇಲೆ ಕಾಂಡ ನೋಡಿದ, ಆಮೇಲೆ ಶ್ರೀರಂಗಯ್ಯನನ್ನು ನೋಡಿದ. ಒಂದು ಮರಕ್ಕೆ ಹಿಮ್ಮಡಿಯಿಂದ ಒದ್ದು ಸದ್ದು ಕೇಳಿದ.

“ಸ್ವಾಮಿ, ಕಾಲುವೆ ಆಚೆ ತೋಟ ಐತಲ್ಲ, ಅದು ಯಾರ್ದು?”

“ಅದ್ನ ಯಾಕ್ ಕೇಳ್ತೀಯ? ಇದ್ರ ಮಾತಾಡು!”

“ಇದ್ರಾಗೆ ಮಾತಾಡಾಕೆ ಏನೈತೆ? ಮುಕ್ಕಾಲು ಮರ ಒಳಗೇ ಟೊಳ್ಳು. ಡಾಂಬ್ರು ಬಳ್ದೋರು ಪುಣ್ಯಾತ್ಮರು, ಅದ್ಕೇ ಇಷ್ಟಾದ್ರೂ ನಿಂತವೆ.” ಹೀಗೆಂದು ಕಾಲುವೆ ದಾಟಿ, “ಅಕ್ಕಾ, ಇದ್ದೀರಾ?” ಎಂದು ಪುಟ್ಟಗಂಗಮ್ಮನ ಬಾಗಿಲಿಗೆ ಹೋದ.

ಆ ವ್ಯಾಪಾರಿಗೆ ಪುಟ್ಟಗಂಗಮ್ಮ ಯಾರೆಂದೇ ಗೊತ್ತಿರಲಿಲ್ಲ, ರಾಗಿ ಮೂಟೆಯೂ ಹೋಗಿರಲಿಲ್ಲ. ಶ್ರೀರಂಗಯ್ಯ ಒಂದು ಮರದ ಹತ್ತಿರ ಹೋಗಿ ಮೊದಲ ಸಲ ಬೆರಳಿಟ್ಟು ನೋಡಿದ. ಕೆಂಪು ರಸ ಅಂಟಿಕೊಂಡಿತು. ಪ್ಯಾಂಟಿಗೆ ಒರೆಸಿಕೊಂಡ. ಇನ್ನೊಂದು ಮರ ಮುಟ್ಟಿದ. ಹೊಂಬಾಳಮ್ಮ ಉಳಿದ ಲಾಡನ್ನು ಡಬ್ಬಿಗೆ ತುಂಬಿಕೊಂಡು, “ಬಸ್ಸಿಗೆ ಹೊತ್ತಾಯ್ತು, ನೀವು ಮರಗಳ ಜೊತೆ ಅಳ್ತಾ ಕೂತಿರಿ,” ಎಂದು ಹೊರಟೇ ಹೋದಳು.

ಸೋಮವಾರ ಬೆಳಿಗ್ಗೆ ನಾನು ಕುರ್ಚಿ ಒರೆಸುವ ಮೊದಲೇ ಅವನು ಬಂದು ಕೂತಿದ್ದ.

“ಮೋಸ ಆಗೋಯ್ತು ಸದಾಶಿವಯ್ಯನೋರೆ. ಪತ್ರ ಕ್ಯಾನ್ಸಲ್ ಮಾಡ್ಸಿ.”

“ಯಾರು ಮೋಸ ಮಾಡಿದ್ದು?”

ಅವನು ಫೈಲು ಬಿಚ್ಚಿ ಹಾಳೆ ತಿರುವಿದ. “ಅಪ್ಪಯ್ಯ.”

“ನೋಂದಣಿ ಆದ ವಿಭಾಗಪತ್ರ, ಒಬ್ಬನೇ ಬಂದು ಬೇಡ ಅಂದರೆ ಹೋಗಲ್ಲ. ಇಬ್ಬರೂ ಒಪ್ಪಬೇಕು, ಇಲ್ಲ ಕೋರ್ಟಿಗೆ ಹೋಗಬೇಕು.”

“ಹೋಯ್ತೀನಿ! ನಿಜ ಮುಚ್ಚಿಟ್ಟು ಸೈನ್ ಹಾಕಿಸ್ಕೊಂಡ್ರು ಅಂತ ಕೇಸ್ ಹಾಕ್ತೀನಿ!”

“ಧಾರಾಳವಾಗಿ ಹಾಕು. ಸಾಕ್ಷಿಗೆ ಯಾರನ್ನ ಕರೆಸ್ತೀಯ? ನನ್ನ ಕರೆಸಿದರೆ ನಾನು ಹೇಳಿದ್ದೆ ಅಂತೀನಿ. ಗಂಗಣ್ಣನ ಕರೆಸಿದರೆ ಅವನೂ ಹೇಳಿದ್ದೆ ಅಂತಾನೆ. ನಿನ್ನ ಹೆಂಡತಿನ ಕರೆಸಿದರೆ ಇನ್ನೂ ಜಾಸ್ತಿ ಹೇಳ್ತಾಳೆ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಇದ್ದೋರೆಲ್ಲ ಬಂದರೆ ಕೋರ್ಟಿನಲ್ಲಿ ಜಾಗ ಸಾಲಲ್ಲ.”

ಅವನು ಲಾ ಪಾಯಿಂಟಿನ ಫೈಲು ಕಂಕುಳಲ್ಲಿ ಇಟ್ಟುಕೊಂಡು ಎದ್ದ. ನನಗೆ ಕನಿಕರ ಬರಬೇಕಿತ್ತು, ಬರಲಿಲ್ಲ. ತಂಗಿಯನ್ನು ತೋಟದ ಆಳು ಎಂದವನಿಗೆ ಕನಿಕರ ಖರ್ಚು ಮಾಡುವಷ್ಟು ನಾನು ಶ್ರೀಮಂತನಲ್ಲ.

ಅಲ್ಲಿಂದ ಸೀದಾ ತಂಗಿಯ ಮನೆಗೆ ಹೋದನಂತೆ. ಜಗಲಿಯ ಮೇಲೆ ಕೂತು, ಎಂದೂ ಕರೆಯದ ಹೆಸರಿನಿಂದ ಕರೆದನಂತೆ. “ಪುಟ್ಟೀ... ಅವತ್ತು ಆಫೀಸಲ್ಲಿ ಎರಡೂ ಕಡೆ ಅರ್ಧ ಅರ್ಧ ಅಂದಿದ್ದೆಯಲ್ಲ, ಒಳ್ಳೆ ಮಾತು. ಅಂಗೇ ಮಾಡ್ಕೊಳಾಣ.”

ಪುಟ್ಟಗಂಗಮ್ಮ ಕಾಯಿ ಸುಲಿಯುತ್ತಿದ್ದಳು. ನಿಲ್ಲಿಸಲಿಲ್ಲ. “ಎಲ್ಲಾದ್ರೂ ಉಂಟಾ ಅಣ್ಣ! ಅಪ್ಪಯ್ಯ ಮುದ್ದಿನ ಮಗನಿಗೆ ಅಂತ ಗುರ್ತು ಹಾಕಿರೋ ಮರ. ನಾನ್ ಮುಟ್ಟಿದ್ರೆ ಪಾಪ ಬತ್ತೈತೆ.”

ಕಾಯಿ ಸುಲಿದು ಮುಗಿಸಿ ಅವಳೇ ಎದ್ದು ಒಳಗೆ ಹೋಗಿ ಅಪ್ಪನ ಉಳಿ, ಕೊಡತಿ ತಂದು ಅವನ ಪಕ್ಕದಲ್ಲಿಟ್ಟಳು. “ನೀನು ಡಬ್ಬ ಬರ್ಸ್ಕೊಂಡೆ, ಇದ್ನ ಮರ್ತೆ. ಇದಿಲ್ದೆ ಡಾಂಬ್ರು ಬಳುದ್ರೆ ನಿಲ್ಲಾಕಿಲ್ಲ. ತಗೊಂಡೋಗು, ಪತ್ರ ಗಿತ್ರ ಏನೂ ಬ್ಯಾಡ.”

ಹೋದ ತಿಂಗಳು ಆ ದಾರಿಯಲ್ಲಿ ಹೋಗುವಾಗ ನೋಡಿದೆ. ಐವತ್ತೆಂಟನೆಯ ವಯಸ್ಸಿನಲ್ಲಿ ಶ್ರೀರಂಗಯ್ಯ ತೆಂಗಿನ ಮರಕ್ಕೆ ಉಳಿ ಹಿಡಿದಿದ್ದ. ಹಳೇ ಪಂಚೆ, ಬರಿಗಾಲು, ಮೊಳಕೈವರೆಗೆ ಡಾಂಬರು, ಮೂಗಿನ ತುದಿಗೂ ಒಂದು ಚುಕ್ಕೆ. ಕೂಲಿಗೆ ಯಾರೂ ಬರುವುದಿಲ್ಲವಂತೆ. ಬಂದವನನ್ನೆಲ್ಲ ತಂಗಿ ಕಳಿಸಿದವನಾ ಎಂದು ಕೇಳಿದರೆ ಯಾವನು ಬರುತ್ತಾನೆ? ಕಾಲುವೆಯ ಈಚೆ ಪುಟ್ಟಗಂಗಮ್ಮ ತನ್ನ ಮರಗಳಿಗೆ ಗೊಬ್ಬರ ಹಾಕಿಸುತ್ತಿದ್ದಳು.

ಅವನು ನಾಲ್ಕು ಪೆಟ್ಟು ಹೊಡೆದು, ನಿಂತು, ಬೆವರೊರೆಸಿ, ಆಚೆಯಿಂದ ಕೂಗಿದ. “ಪುಟ್ಟೀ! ಇದ್ನ ಇನ್ನೂ ಎಷ್ಟು ಆಳ ಕೆತ್ಲವ್ವಾ?”

ಪುಟ್ಟಗಂಗಮ್ಮ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಗೊಬ್ಬರವನ್ನು ಬುಡಕ್ಕೆ ಸುರಿದು, ಮಣ್ಣು ಎಳೆದು, ಕಾಲಿನಿಂದ ಒತ್ತಿದಳು.

“ಮರ ನಿಂದು ಕಣಣ್ಣ,” ಎಂದಳು. “ನನ್ನ ಯಾಕ್ ಕೇಳ್ತೀಯ?”